ತಹಶೀಲ್ದಾರ್ ಅಣ್ಣ, ಯಶವಂತ ಸಿನ್ಹಾ ಮತ್ತು ನಮ್ಮ ಮನೆಯ ಜಗಳ: ಐಎಎಸ್ ಬಿಟ್ಟು ಶಾಸಕ, ಸಂಸದ ಆದವರ ಬಗ್ಗೆ ಗೊತ್ತಿದ್ದವರು ಹೇಳಿ

ಮಲೆನಾಡು_ಮಳೆ:
ನಮ್ಮಣ್ಣ ತಹಶೀಲ್ದಾರ್. ಸೇವೆಗೆ ಸೇರಿ ಹತ್ತು ವರ್ಷ ಆಯ್ತು. ಹಬ್ಬಕ್ಕೆ ಊರಿಗೆ ಬಂದವನು ಊಟಕ್ಕೆ ಕೂತಾಗ, ಕೆಲಸ ಬಿಟ್ಟು ಮುಂದಿನ ಚುನಾವಣೆಗೆ ನಿಲ್ತೀನಿ ಅಂದ. ಸಾರು ಬಡಿಸ್ತಿದ್ದ ಅಮ್ಮನ ಸೌಟು ಅಲ್ಲೇ ನಿಂತಿತು. ಅಪ್ಪ ಮಾತೇ ಆಡಲಿಲ್ಲ. "ಯಶವಂತ ಸಿನ್ಹಾ ಐಎಎಸ್ ಬಿಡಲಿಲ್ವಾ? ದೇಶಕ್ಕೇ ಹಣಕಾಸು ಮಂತ್ರಿ ಆಗಲಿಲ್ವಾ?" ಅಂತ ಅಣ್ಣ. ಕೈ ತೊಳೆಯೋಕೆ ಎದ್ದ ಅಪ್ಪ, "ಕೊನೆಗೆ ಏನಾದ್ರು ಅಂತಲೂ ಓದ್ಕೊಂಡು ಬಾ" ಅಂದುಬಿಟ್ಟರು.

ನಾನು ಕೆಎಎಸ್‌ಗೆ ಓದ್ತಿದೀನಿ, ಆದರೂ ಆ ಮನುಷ್ಯನ ಬಗ್ಗೆ ಎರಡು ಸಾಲಿಗಿಂತ ಹೆಚ್ಚು ಗೊತ್ತಿಲ್ಲ. ಅಣ್ಣ ಸರಿಯೋ ಅಪ್ಪ ಸರಿಯೋ? ಪಕ್ಷದ ಜಗಳ ಬೇಡ, ದಯವಿಟ್ಟು.

ಬಸವನಗುಡಿ_ಬಾಯ್:
ಒಂದೇ ಪದದಲ್ಲಿ ಹೇಳ್ತೀನಿ. ರೋಲ್‌ಬ್ಯಾಕ್. ಬಜೆಟ್‌ನಲ್ಲಿ ಏರಿಸೋದು, ಗಲಾಟೆ ಆದ್ಮೇಲೆ ಇಳಿಸೋದು. ಪತ್ರಿಕೆಯವರು ಅವರಿಗೆ ಇಟ್ಟ ಅಡ್ಡಹೆಸರೇ ಅದು. ಮುಗೀತು.

ಧಾರವಾಡದ_ಮಾಸ್ತರ:
ಇಷ್ಟಕ್ಕ ಮುಗಿಸಬ್ಯಾಡ್ರಿ. ತಂಗಿ, ಮೊದಲಿಂದ ಹೇಳ್ತೇನಿ ಕೇಳು.

ಆ ಮನಿಷಾ ಮೊದಲಿಗೆ ನನ್ನಂಗ ಮಾಸ್ತರನ. 1937ರಾಗ ಪಟ್ನಾದಾಗ ಹುಟ್ಟಿದ್ರು, 1958ಕ್ಕ ರಾಜ್ಯಶಾಸ್ತ್ರದಾಗ ಎಂ.ಎ. ಮುಗಿಸಿ ಪಟ್ನಾ ವಿಶ್ವವಿದ್ಯಾಲಯದಾಗ ಎರಡು ವರ್ಷ ಪಾಠ ಮಾಡಿದ್ರು. 1960ರಾಗ ಐಎಎಸ್, ಬಿಹಾರ ಕೇಡರ್. ಅಲ್ಲಿಂದ 24 ವರ್ಷ. ಎಸ್‌ಡಿಎಂ, ಅಂದ್ರ ಉಪವಿಭಾಗಾಧಿಕಾರಿ ಆದ್ರು, ಸಂತಾಲ್ ಪರಗಣಾ ಜಿಲ್ಲೆಗೆ ಡೆಪ್ಯುಟಿ ಕಮಿಷನರ್ ಆದ್ರು, ಬಿಹಾರದ ಹಣಕಾಸು ಇಲಾಖೆ ಕಂಡ್ರು, ದಿಲ್ಲಿಯ ವಾಣಿಜ್ಯ ಮಂತ್ರಾಲಯ ಕಂಡ್ರು. 1971ರಿಂದ ಜರ್ಮನಿಯ ಬಾನ್ ರಾಯಭಾರ ಕಚೇರಿಯಾಗ ವ್ಯಾಪಾರದ ಕೆಲಸ, ಆಮ್ಯಾಲೆ ಫ್ರಾಂಕ್‌ಫರ್ಟ್‌ನಾಗ ಕಾನ್ಸುಲ್ ಜನರಲ್. ತಿರುಗಿ ಬಂದು ಮುಖ್ಯಮಂತ್ರಿ ಕರ್ಪೂರಿ ಠಾಕೂರರ ಪ್ರಧಾನ ಕಾರ್ಯದರ್ಶಿ. ಕಡೀಕ ದಿಲ್ಲಿಯಾಗ ಹಡಗು-ಸಾರಿಗೆ ಖಾತೆಯ ಜಂಟಿ ಕಾರ್ಯದರ್ಶಿ. 1984ರಾಗ ಎಲ್ಲಾ ಬಿಟ್ಟು ಚಂದ್ರಶೇಖರರ ಜನತಾ ಪಕ್ಷ ಸೇರಿದ್ರು. ನಿವೃತ್ತಿಗೆ ಇನ್ನೂ ಹನ್ನೊಂದು ವರ್ಷದ ಮ್ಯಾಲ ಇತ್ರೀ!

ಸಂತಾಲ್ ಪರಗಣಾದಾಗಿನ ಒಂದು ಪ್ರಸಂಗ ಎಲ್ಲಾರೂ ಹೇಳ್ತಾರ. ಅಲ್ಲಿಗೆ ಬಂದ ಮುಖ್ಯಮಂತ್ರಿ ಮಹಾಮಾಯಾ ಪ್ರಸಾದ್ ಸಿನ್ಹಾ ಮಂದಿ ಮುಂದ ಇವರನ್ನ ಗದರಿಸಿದ್ರಂತ. ಇವರು ಎದುರು ನಿಂತ್ರು. ಬ್ಯಾರೆ ನೌಕರಿ ನೋಡ್ಕೋ ಅನ್ನೂ ಮಾತು ಬಂತು. ನಾನು ಒಂದಿನ ಮುಖ್ಯಮಂತ್ರಿ ಆಗಬಹುದು, ಆದ್ರ ನೀವು ಐಎಎಸ್ ಆಗಾಕ ಬರೂದಿಲ್ಲ ಅನ್ನೂ ಅರ್ಥದ ಉತ್ತರ ಕೊಟ್ರಂತ. ಮುಖ್ಯಮಂತ್ರಿ ಆಗಲಿಲ್ಲ ಅನ್ನೂದು ಬ್ಯಾರೆ ಮಾತು. ಆದ್ರ ಆ ಸೊಕ್ಕು, ಸ್ವಾಭಿಮಾನ ಅನ್ರಿ ಬೇಕಾದ್ರ, ಕಡೀತನಕಾ ಬಿಡಲಿಲ್ಲ.

ಮಲೆನಾಡು_ಮಳೆ:
ಸಾರ್, ಇದು ನಮ್ಮಣ್ಣನ ಕಥೆಯೇ! ಅವನನ್ನೂ ಸಭೆಯಲ್ಲಿ ಒಬ್ಬರು ಏಕವಚನದಲ್ಲಿ ಬೈದರು. ಅವತ್ತಿನಿಂದಲೇ ಈ ಭೂತ ಹೊಕ್ಕಿದ್ದು.

ಹಳೇ_ಗುಮಾಸ್ತ:
ನಾನು ಕಂದಾಯ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು. ತಾಯಿ, ಬೈಸಿಕೊಂಡ ಸಿಟ್ಟಿಗೆ ಕೆಲಸ ಬಿಡೋದಾದರೆ ನಮ್ಮ ಇಲಾಖೆಯಲ್ಲಿ ಬೀಗ ಹಾಕೋಕೂ ಜನ ಉಳಿಯಲ್ಲ.

ಮೊದಲು ಕಾನೂನು. ಸರ್ಕಾರಿ ನೌಕರಿಯಲ್ಲಿ ಇದ್ದುಕೊಂಡು ಚುನಾವಣೆಗೆ ನಿಲ್ಲೋ ಹಾಗಿಲ್ಲ. ಸಂಸತ್ತಿಗೆ ಸಂವಿಧಾನದ 102ನೇ ವಿಧಿ, ವಿಧಾನಸಭೆಗೆ 191ನೇ ವಿಧಿ, ಎರಡರಲ್ಲೂ ಲಾಭದಾಯಕ ಹುದ್ದೆಯಲ್ಲಿರುವವರು ಅನರ್ಹರು. ನಡತೆ ನಿಯಮದ ಪ್ರಕಾರ ಪಕ್ಷದ ಸಭೆಗೆ ಹೋಗಿ ಭಾಷಣ ಮಾಡೋದೂ ತಪ್ಪು. ಹಾಗಾಗಿ ಮೊದಲು ಹುದ್ದೆಯಿಂದ ಬಿಡುಗಡೆ, ಆಮೇಲೆ ನಾಮಪತ್ರ. ಅರ್ಜಿ ಕೊಟ್ಟರೆ ಸಾಲದು, ಅಂಗೀಕಾರದ ಆದೇಶ ಕೈಗೆ ಬರಬೇಕು. ಈ ಆದೇಶಕ್ಕಾಗಿ ಕಾದೂ ಕಾದೂ ನಾಮಪತ್ರದ ಕೊನೇ ದಿನ ಕಳಕೊಂಡವರನ್ನ ಕಣ್ಣಾರೆ ನೋಡಿದೀನಿ.

ಎರಡನೇದು, ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೊಳೆಗೆ ಬಿಟ್ಟ ಹಾಗೆ. ಸ್ವಯಂ ನಿವೃತ್ತಿಗೆ ನಿಗದಿತ ವರ್ಷ ಆಗಿರಬೇಕು, ಮೂರು ತಿಂಗಳ ನೋಟಿಸು ಕೊಡಬೇಕು. ನಿಮ್ಮಣ್ಣ 2006ರ ಏಪ್ರಿಲ್ ಆದಮೇಲೆ ಸೇರಿದವರು, ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆಯವರು. ಅವರ ಲೆಕ್ಕವೇ ಬೇರೆ. ಭಾಷಣ ಬರೆಯೋಕೆ ಮುಂಚೆ ಖಜಾನೆಗೆ ಹೋಗಿ ಕೂರಲಿ.

ಕುಡ್ಲದ_ಗಲ್ಫಣ್ಣ:
ಕೂಲಿಂಗ್ ಆಫ್ ಅಂತ ಎಂತದೋ ಉಂಟಲ್ಲ ಮಾರಾಯ್ರೆ? ಬಿಟ್ಟು ಇಂತಿಷ್ಟು ವರ್ಷ ಕಾಯ್ಬೇಕು ಅಂತ?

ಹಳೇ_ಗುಮಾಸ್ತ:
ಅದು ನಿವೃತ್ತಿ ಆದಮೇಲೆ ಖಾಸಗಿ ಕಂಪನಿ ಸೇರೋ ಹಿರಿಯ ಅಧಿಕಾರಿಗಳಿಗೆ. ರಾಜಕೀಯಕ್ಕಿಲ್ಲ. ಅದಕ್ಕೂ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು, 2022ರಲ್ಲಿ ವಜಾ ಆಯ್ತು. ಇವತ್ತು ಡಿಸಿ, ನಾಳೆ ಅಭ್ಯರ್ಥಿ. ನನಗಂತೂ ಇದು ಸರಿ ಕಾಣೋದಿಲ್ಲ. ಮತಗಟ್ಟೆ ಗುರುತಿಸಿದವನೇ ಮತ ಕೇಳೋಕೆ ಬಂದರೆ ಹೇಗೆ?

ಕುಡ್ಲದ_ಗಲ್ಫಣ್ಣ:
ನಮ್ಮ ಡಿಸಿ ಆಗಿದ್ದ ಸಸಿಕಾಂತ್ ಸೆಂಥಿಲ್ 2019ರ ಸೆಪ್ಟೆಂಬರ್‌ನಲ್ಲಿ ಬಿಟ್ಟದ್ದು, ಗೆದ್ದದ್ದು 2024ರಲ್ಲಿ, ಅದೂ ಇಲ್ಲಿ ಅಲ್ಲ, ತಮಿಳುನಾಡಿನ ತಿರುವಳ್ಳೂರಿನಲ್ಲಿ, ಐದು ಲಕ್ಷಕ್ಕೂ ಮಿಕ್ಕಿ ಅಂತರ. ನಡುವೆ ಕೆಲವು ವರ್ಷ ಪಕ್ಷದ ಕೆಲಸ. ಹಾಗೆ ಬಂದರೆ ಯಾರು ಬೇಡ ಅಂತಾರೆ?

ಬಸವನಗುಡಿ_ಬಾಯ್:
ನಮ್ಮೂರಿನ ಪಟ್ಟಿ ಕೇಳಿ. ಪೊಲೀಸ್ ಅಧಿಕಾರಿ ಸಾಂಗ್ಲಿಯಾನ 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫರನ್ನೇ ಸೋಲಿಸಿದ್ರು. 2008ರ ವಿಶ್ವಾಸಮತದಲ್ಲಿ ಪಕ್ಷದ ಮಾತು ಮೀರಿ ಮತ ಹಾಕಿದ್ರು, ಉಚ್ಚಾಟನೆ. 2009ರಲ್ಲಿ ಬೇರೆ ಪಕ್ಷದಿಂದ ನಿಂತು ಸೋತ್ರು. ಮುಖ್ಯ ಕಾರ್ಯದರ್ಶಿ ಆಗಿದ್ದ ಜೆ. ಅಲೆಕ್ಸಾಂಡರ್ ಶಾಸಕರಾಗಿ ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಂತ್ರಿಯೂ ಆದ್ರು. ಕನ್ನಡದಲ್ಲೇ ಪರೀಕ್ಷೆ ಬರೆದು ಐಎಎಸ್ ಆದ ಕೆ. ಶಿವರಾಮ್, ಅಷ್ಟು ಜನಪ್ರಿಯ ಮನುಷ್ಯ, ಸಿನಿಮಾ ಹೀರೋ ಬೇರೆ, 2014ರಲ್ಲಿ ವಿಜಯಪುರದಲ್ಲಿ ಸೋತ್ರು. ಗೆಲ್ಲೋರು ಎಷ್ಟು ಜನ, ಲೆಕ್ಕ ಹಾಕಿ.

ಧಾರವಾಡದ_ಮಾಸ್ತರ:
ಸಿನ್ಹಾ ಕಡೆ ಬರ್ರಿ. ತಂಗಿ ಕೇಳಿದ್ದು ಅವರ ಬಗ್ಗೆ.

1988ಕ್ಕ ರಾಜ್ಯಸಭಾ. ನೋಡ್ರಿ, ಮಂದಿ ಓಟು ಹಾಕಿ ಕಳಿಸಿದ್ದಲ್ಲ, ಪಕ್ಷ ಕಳಿಸಿದ್ದು. 1989ರಾಗ ವಿ.ಪಿ. ಸಿಂಗ್ ಸರಕಾರ ಬಂತು. ಡಿಸೆಂಬರ್ 5ಕ್ಕ ಮಂತ್ರಿಗಳ ಪ್ರಮಾಣವಚನ. ಇವರೂ ರಾಷ್ಟ್ರಪತಿ ಭವನಕ್ಕ ಹೋದ್ರು. ಕೊಟ್ಟದ್ದು ರಾಜ್ಯ ಸಚಿವನ ಸ್ಥಾನ, ಸಂಪುಟ ದರ್ಜೆದಲ್ಲ ಅಂತ ಗೊತ್ತಾತು, ಪ್ರಮಾಣ ತಗೊಳ್ಳದ ಹೊಳ್ಳಿ ಮನಿಗೆ ಬಂದ್ರು! ಊಟಕ್ಕ ಕರದು ಎಲಿ ತುದೀಗೆ ಕುಂದ್ರಿಸಿದ್ರ ಎದ್ದು ಹೋಗೂ ಬೀಗರಂಗ. ಐದು ವರ್ಷ ಆಗಿತ್ತು ರಾಜಕೀಯಕ್ಕ ಬಂದು, ಅಷ್ಟೇ. ಇಪ್ಪತ್ತು ವರ್ಷ ಕಾರ್ಯಕರ್ತ ಆಗಿದ್ದಾವ ಹಂಗ ಮಾಡ್ತಿದ್ದಿಲ್ಲ. ಸೀನಿಯಾರಿಟಿ, ಬ್ಯಾಚು, ಪೇ ಸ್ಕೇಲು ನೋಡಿ ಬೆಳದಾವ ಮಾಡ್ತಾನ.

ಒಂದು ವರ್ಷಕ್ಕ ಆ ಸರಕಾರ ಬಿತ್ತು. 1990ರ ನವೆಂಬರ್‌ದಾಗ ಚಂದ್ರಶೇಖರ್ ಪ್ರಧಾನಿ, ಇವರು ನೇರ ಹಣಕಾಸು ಮಂತ್ರಿ.

ಬಸವನಗುಡಿ_ಬಾಯ್:
ಹೂಂ, ದೇಶದ 47 ಟನ್ ಚಿನ್ನ ಇಂಗ್ಲೆಂಡಿಗೆ ಕಳಿಸಿ ಅಡ ಇಟ್ಟ ಮಹಾನುಭಾವ.

ಹಳೇ_ಗುಮಾಸ್ತ:
ಎರಡು ಕಡತ ಸೇರಿಸಿ ಒಂದೇ ಟ್ಯಾಗು ಹಾಕಬೇಡಿ. ಚಿನ್ನ ಹೋಗಿದ್ದು ಎರಡು ಸಲ.

ಮೊದಲನೇದು ಸಿನ್ಹಾ ಕಾಲದಲ್ಲಿ, 1991ರ ಮೇ. ಕಳ್ಳಸಾಗಣೆಯಲ್ಲಿ ಹಿಡಿದು ಸರ್ಕಾರದ ವಶದಲ್ಲಿದ್ದ 20 ಟನ್ ಚಿನ್ನವನ್ನ ಸ್ಟೇಟ್ ಬ್ಯಾಂಕ್ ಮೂಲಕ, ಮತ್ತೆ ಕೊಂಡುಕೊಳ್ಳೋ ಷರತ್ತಿನ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿದ್ದು. ಬಂದದ್ದು ಸುಮಾರು 20 ಕೋಟಿ ಡಾಲರ್. ನೀವು ಹೇಳೋ 47 ಟನ್ ರಿಸರ್ವ್ ಬ್ಯಾಂಕಿನದು. ಬ್ಯಾಂಕ್ ಆಫ್ ಇಂಗ್ಲೆಂಡ್, ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ಸಾಲಕ್ಕೆ ಒತ್ತೆ ಇಟ್ಟದ್ದು. ಅದು ಜುಲೈ. ಅಷ್ಟೊತ್ತಿಗೆ ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. ಎರಡು ಸಲವೂ ರಿಸರ್ವ್ ಬ್ಯಾಂಕ್ ಗವರ್ನರ್ ಎಸ್. ವೆಂಕಿಟರಮಣನ್. ಅವರೂ ಐಎಎಸ್‌ನವರೇ, ಆ ಕುರ್ಚಿಗೆ ಹೋಗೋ ಮುಂಚೆ ಕರ್ನಾಟಕ ಸರ್ಕಾರದ ಸಲಹೆಗಾರರಾಗಿದ್ದವರು.

ಸಿನ್ಹಾ ತಪ್ಪು ಅಂತ ನಾನು ಹೇಳಲ್ಲ. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತ್ತು, ಕೈಯಲ್ಲಿದ್ದ ವಿದೇಶಿ ಹಣ ಕೆಲವೇ ವಾರದ ಆಮದಿಗೆ ಸಾಕಾಗೋಷ್ಟು. ಪೂರ್ಣ ಬಜೆಟ್ ಮಂಡಿಸಬೇಕು ಅಂತಿದ್ದರು, ಹೊರಗಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ ಬಿಡಲಿಲ್ಲ. ಮಾರ್ಚ್ 4ಕ್ಕೆ ಮಧ್ಯಂತರ ಬಜೆಟ್, 6ಕ್ಕೆ ಪ್ರಧಾನಿ ರಾಜೀನಾಮೆ. ಉಳಿದದ್ದು ಉಸ್ತುವಾರಿ ಸರ್ಕಾರ. ಚುನಾವಣೆ ನಡೀತಿರೋವಾಗ ಚಿನ್ನ ಮಾರೋ ಕಡತಕ್ಕೆ ಸಹಿ ಹಾಕೋಕೆ ಯಾವ ರಾಜಕಾರಣಿಗೆ ಧೈರ್ಯ ಇರುತ್ತೆ? ಅಧಿಕಾರಿಯಾಗಿದ್ದವನಿಗೆ ಇರುತ್ತೆ. ಅವನಿಗೆ ಕಡತದಲ್ಲಿ ಕಾಣೋದು ಲೆಕ್ಕ. ಹೆಂಗಸರ ಕೊರಳ ಸರ ಕಾಣೋದಿಲ್ಲ.

ಬಸವನಗುಡಿ_ಬಾಯ್:
ಚಿನ್ನದ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿದೆ. ಅದೇ ಚುನಾವಣೆಯಲ್ಲಿ ಅವರು ಪಟ್ನಾದಲ್ಲಿ ಐ.ಕೆ. ಗುಜ್ರಾಲ್ ವಿರುದ್ಧ ನಿಂತಿದ್ರು, ಆ ಚುನಾವಣೆಯೇ ರದ್ದಾಯ್ತು. ಇದನ್ನೂ ಸೇರಿಸ್ಕೊಳ್ಳಿ.

ಮಲೆನಾಡು_ಮಳೆ:
ಹಾಗಾದ್ರೆ ಜನರಿಂದ ಗೆದ್ದದ್ದು ಯಾವಾಗ?

ಧಾರವಾಡದ_ಮಾಸ್ತರ:
1995. ಲೋಕಸಭಾ ಅಲ್ಲ, ಬಿಹಾರ ವಿಧಾನಸಭಾ, ರಾಂಚಿ ಕ್ಷೇತ್ರ. ಆಗ ರಾಂಚಿ ಬಿಹಾರದಾಗ ಇತ್ತು, ಝಾರ್ಖಂಡ್ ಆಗಿದ್ದು 2000ದ ನವೆಂಬರ್‌ಕ್ಕ. ಹೆಂಗ ನೋಡ್ರಿ ಉಲ್ಟಾ! ಮಂದಿ ಶಾಸಕ ಆಗಿ, ಸಂಸದ ಆಗಿ, ಕೇಂದ್ರ ಮಂತ್ರಿ ಆಗ್ತಾರ. ಇವರು ಮೊದಲ ಕೇಂದ್ರ ಹಣಕಾಸು ಮಂತ್ರಿ, ಆಮ್ಯಾಲೆ ಶಾಸಕ. 1993ರಾಗ ಬಿಜೆಪಿ ಸೇರಿದ್ರು, ಲಾಲೂ ಪ್ರಸಾದರ ಎದುರಿಗೆ ವಿರೋಧ ಪಕ್ಷದ ನಾಯಕ ಆಗಿ ಕುಂತ್ರು. ಅವಧಿ ಪೂರಾ ಮಾಡಲಿಲ್ಲ. ರಾಜಕಾರಣಿಗಳಿಗೆ ರೊಕ್ಕಾ ಕೊಟ್ಟ ಲೆಕ್ಕದ ಹವಾಲಾ ಡೈರಿಯಾಗ ಹೆಸರು ಬಂತು, 1996ಕ್ಕ ಜಾಗಾ ಬಿಟ್ರು, ಸುಶೀಲ್ ಕುಮಾರ್ ಮೋದಿ ಆ ಕುರ್ಚಿಗೆ ಬಂದ್ರು. ಆ ಕೇಸು ಮುಂದ ಕೋರ್ಟಿನ್ಯಾಗ ನಿಲ್ಲಲಿಲ್ಲ.

ಲೋಕಸಭಾಕ್ಕ ಗೆದ್ದದ್ದು 1998ರಾಗ, ಹಜಾರಿಬಾಗ್‌ದಿಂದ. ಅಂದ್ರ ನೌಕರಿ ಬಿಟ್ಟು 14 ವರ್ಷಕ್ಕ! ತಂಗಿ, ನಿಮ್ಮಣ್ಣಗ ಈ ಅಂಕಿ ಒಂದು ಹೇಳು ಸಾಕು.

ಕುಡ್ಲದ_ಗಲ್ಫಣ್ಣ:
1998 ಅಂದ್ರೆ ನನಗೆ ನೆನಪಾಗುದು ಬೇರೆ. ಪೋಖ್ರಾನ್ ಅಣು ಪರೀಕ್ಷೆ ಆದದ್ದು ಮೇ ತಿಂಗಳು, ಜೂನ್ 1ಕ್ಕೆ ಸಿನ್ಹಾ ಬಜೆಟ್. ಅಮೆರಿಕ ನಿರ್ಬಂಧ ಹಾಕಿ ಕೂತಿತ್ತು. ಆಗಸ್ಟ್‌ನಲ್ಲಿ ಸ್ಟೇಟ್ ಬ್ಯಾಂಕ್ ರಿಸರ್ಜೆಂಟ್ ಇಂಡಿಯಾ ಬಾಂಡ್ ಅಂತ ತಂದಿತು, ನಮ್ಮಂಥ ಪರದೇಶದಲ್ಲಿ ದುಡಿಯುವವರಿಗೆ. ಡಾಲರ್‌ಗೆ ಶೇ. 7.75 ಬಡ್ಡಿ, ಐದು ವರ್ಷ. ನಾನು ಆಗ ದುಬಾಯಿಯಲ್ಲಿ ಹೊಸಬ, ಒಂದು ಕೋಣೆಯಲ್ಲಿ ಆರು ಜನ. ನಮ್ಮ ಕೋಣೆಯ ಹಿರಿಯರು ಒಬ್ಬರು ಊರಲ್ಲಿ ಮನೆ ಕಟ್ಟಲಿಕ್ಕೆ ಇಟ್ಟದ್ದನ್ನು ತೆಗೆದು ಇದಕ್ಕೆ ಹಾಕಿದ್ರು. ಫಾರಂ ತುಂಬಿಸಿದ್ದು ನಾನೇ, ಅವರ ಸಹಿ ಕನ್ನಡದಲ್ಲಿ. ಒಟ್ಟು ಬಂದದ್ದು 420 ಕೋಟಿ ಡಾಲರ್! 1991ರಲ್ಲಿ 20 ಕೋಟಿಗೆ ಚಿನ್ನ ಕೊಟ್ಟವರು ಇವರೇ ಅಲ್ವಾ? ಅವರಿಗೂ ಆ ದಿನ ನಿದ್ದೆ ಸರಿ ಬಂದಿರಬಹುದು.

ಹಳೇ_ಗುಮಾಸ್ತ:
ಅವರ ಹಣಕಾಸು ಖಾತೆಯ ನಾಲ್ಕು ವರ್ಷ ಚಿಲ್ಲರೆ ಅಲ್ಲ. ಐದು ಪೂರ್ಣ ಬಜೆಟ್. ಸಂಜೆ ಐದಕ್ಕೆ ಬಜೆಟ್ ಓದೋ ಬ್ರಿಟಿಷರ ಕಾಲದ ರೂಢಿ ಮುರಿದು 1999ರ ಫೆಬ್ರವರಿ 27ಕ್ಕೆ ಬೆಳಗ್ಗೆ ಹನ್ನೊಂದಕ್ಕೆ ಮಂಡಿಸಿದರು. ಇವತ್ತಿಗೂ ಅದೇ ಹೊತ್ತು. ಪೆಟ್ರೋಲು, ಡೀಸೆಲ್ ಮೇಲಿನ ಸೆಸ್ಸು ಹೆದ್ದಾರಿಗೆ ಹೋಗೋ ಹಾಗೆ ಮಾಡಿದರು. ಅಬಕಾರಿ ಸುಂಕದ ಹತ್ತಾರು ದರ ಒಟ್ಟುಗೂಡಿಸಿ 2000ದಲ್ಲಿ ಸೆನ್‌ವ್ಯಾಟ್ ತಂದರು. ಸರ್ಕಾರ ಸಾಲ ಮಾಡೋದಕ್ಕೆ ಲಗಾಮು ಹಾಕೋ ಮಸೂದೆ ಮೊದಲು ಮಂಡಿಸಿದ್ದೂ ಅದೇ ವರ್ಷ. 2001ರಲ್ಲಿ ಕೇತನ್ ಪಾರೇಖ್ ಷೇರುಪೇಟೆ ಹಗರಣ, ಯುನಿಟ್ ಟ್ರಸ್ಟಿನ ಯುಎಸ್-64 ಅನ್ನೋ ಹೂಡಿಕೆ ಯೋಜನೆ ಸ್ಥಗಿತ ಆದದ್ದೂ ಅವರ ತಲೆ ಮೇಲೇ ಬಂತು, ಬರಬೇಕಾದ್ದೇ.

ಈಗ ರೋಲ್‌ಬ್ಯಾಕ್ ವಿಷಯಕ್ಕೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಒಬ್ಬ ಯುವ ಅಧಿಕಾರಿ ಇದ್ದರು, ಭಾರೀ ಬುದ್ಧಿವಂತರು. ರಸ್ತೆ ಬದಿ ಅಂಗಡಿ ತೆರವಿಗೆ ಅವರೇ ಕೂತು ಟಿಪ್ಪಣಿ ಬರೆದರು. ಎಂಟು ಪುಟ, ಒಂದು ಅಕ್ಷರ ತಪ್ಪಿಲ್ಲ. ನಮ್ಮ ಹಳೇ ಸಾಹೇಬರಾಗಿದ್ದರೆ ಅಂಚಿನಲ್ಲಿ ಹಸಿರು ಶಾಯಿಯಲ್ಲಿ "ಚರ್ಚಿಸಿ" ಅಂತ ಒಂದು ಪದ ಬರೆದು ಕೆಳಗೆ ಕಳಿಸೋರು. ಅಂದರೆ, ಅಂಗಡಿಯವರ ಸಂಘದವರನ್ನ ಕರೆಸಿ ಟೀ ಕೊಡಿಸಿ, ಶಾಸಕರ ಕಿವಿಗೆ ಹಾಕಿ, ಆಮೇಲೆ ಬಾ ಅಂತ. ಇವರು ಮಧ್ಯಾಹ್ನವೇ ಆದೇಶ ಹೊರಡಿಸಿದರು. ಮೂರನೇ ದಿನ ವಾಪಸ್. ಟಿಪ್ಪಣಿಯಲ್ಲಿ ತಪ್ಪಿರಲಿಲ್ಲ.

ಸಿನ್ಹಾ ಯೂರಿಯಾ ಬೆಲೆ ಏರಿಸಿದಾಗಲೂ ಹಾಗೇ, 2002ರಲ್ಲಿ ಅಡುಗೆ ಅನಿಲ ಏರಿಸಿದಾಗಲೂ ಹಾಗೇ. ಲೆಕ್ಕ ಸರಿ ಇತ್ತು. ಮೊದಲು ಏರಿಸಿದರು, ಚರ್ಚೆ ಆಮೇಲೆ ಶುರುವಾಯ್ತು, ಅದೂ ಸ್ವಂತ ಪಕ್ಷದವರೇ ಬೆಂಬಲಿಗ ಪಕ್ಷಗಳ ಜೊತೆ ಸೇರಿ ಮಾಡಿದ್ದು. 24 ವರ್ಷ ಸಹಿ ಹಾಕಿದ ಕೈ ಅದು, "ಚರ್ಚಿಸಿ" ಅಂತ ಬರೆಯೋದು ಅದಕ್ಕೆ ಒಗ್ಗಲಿಲ್ಲ.

ಬಸವನಗುಡಿ_ಬಾಯ್:
ಗುಮಾಸ್ತರೇ, ನನ್ನ ಒಂದು ಪದಕ್ಕೆ ಇಷ್ಟು ದೊಡ್ಡ ಟಿಪ್ಪಣಿ ಬರೆದಿರಲ್ಲ. ಶರಣು. ಆದರೂ ಅದೇ 2002ರ ಜುಲೈನಲ್ಲಿ ಜಸ್ವಂತ್ ಸಿಂಗ್ ಜೊತೆ ಖಾತೆ ಅದಲು ಬದಲು ಮಾಡಿ ವಿದೇಶಾಂಗಕ್ಕೆ ಕಳಿಸಿದ್ರು. ವರ್ಗಾವಣೆ ಅಂದ್ರೆ ಅದೇ ಅಲ್ವಾ?

ಧಾರವಾಡದ_ಮಾಸ್ತರ:
ಖರೇ! ಮಂತ್ರಿ ಆದ್ರೂ ಟ್ರಾನ್ಸ್‌ಫರ್ ತಪ್ಪಲಿಲ್ಲ.

ಉಳಿದದ್ದು ಲಗೂನ ಹೇಳ್ತೇನಿ. 2004ರಾಗ ಹಜಾರಿಬಾಗ್‌ದಾಗ ಸಿಪಿಐ ಅಭ್ಯರ್ಥಿ ಮುಂದ ಸೋತ್ರು, ರಾಜ್ಯಸಭಾಕ್ಕ ಹೋದ್ರು, 2009ಕ್ಕ ಮತ್ತ ಅಲ್ಲೇ ಗೆದ್ರು. 2014ಕ್ಕ ಆ ಟಿಕೆಟ್ಟು ಮಗ ಜಯಂತ್ ಸಿನ್ಹಾಗ. ಮಗ ಸರಕಾರದಾಗ ಮಂತ್ರಿ, ಅಪ್ಪ ಹೊರಗ ನಿಂತು ಅದೇ ಸರಕಾರಕ್ಕ ಬೈಯಾಂವ. 2018ಕ್ಕ ಬಿಜೆಪಿ ಬಿಟ್ರು, 2021ಕ್ಕ ತೃಣಮೂಲ ಸೇರಿದ್ರು.

ಬರೇ ಅವರೊಬ್ಬರ ಕಥಿ ನೋಡಬ್ಯಾಡ, ಅಜಿತ್ ಜೋಗಿ ಅವರದ್ದೂ ನೋಡು. ಎಂಜಿನಿಯರ್, ಆಮ್ಯಾಲೆ ಐಪಿಎಸ್, ಐಎಎಸ್, ರಾಯಪುರ-ಇಂದೋರ್ ಕಲೆಕ್ಟರ್. 1986ಕ್ಕ ರಾಜ್ಯಸಭಾ, 2000ಕ್ಕ ಛತ್ತೀಸ್‌ಗಢದ ಮೊದಲನೇ ಮುಖ್ಯಮಂತ್ರಿ. ಅವರು ಶಾಸಕ ಆಗಿದ್ದೂ ಮುಖ್ಯಮಂತ್ರಿ ಆದ ಮ್ಯಾಲ, ಮರವಾಹಿ ಉಪಚುನಾವಣೆಯಾಗ, ಅದೂ ವಿರೋಧ ಪಕ್ಷದ ಶಾಸಕನ ಕಡಿಂದ ಸೀಟು ಬಿಡಿಸಿ. ಆ ಮನಿಷಾಗ ಹಳ್ಳಿ ಮಂದಿ ಮಾತು ಬರ್ತಿತ್ತು, ಕಟ್ಟಿ ಮ್ಯಾಲ ಕುಂತು ಛತ್ತೀಸ್‌ಗಢಿ ಮಾತಾಡ್ತಿದ್ರು. ಸಿನ್ಹಾಗ ಆ ಗುಣ ಕಡಿಮಿ ಇತ್ತು ಅಂತ ನನ್ನ ಲೆಕ್ಕ.

ಮಲೆನಾಡು_ಮಳೆ:
ಅಪ್ಪ "ಕೊನೆಗೆ ಏನಾದ್ರು" ಅಂದದ್ದು 2022ರ ರಾಷ್ಟ್ರಪತಿ ಚುನಾವಣೆ ಅಂತ ಈಗ ಗೊತ್ತಾಯ್ತು. ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ಸೋತರಲ್ಲ.

ಹಳೇ_ಗುಮಾಸ್ತ:
ಸೋತರು. ಮತಮೌಲ್ಯ 6,76,803 ಎದುರು 3,80,177. ನಮ್ಮ ಶಾಸಕರೂ ಮತ ಹಾಕಿದ ಚುನಾವಣೆ ಅದು, ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131 ಬೆಲೆ. ಆದರೆ ಯಾರ ಎದುರು ಸೋತರು ನೋಡು, ತಾಯಿ.

ದ್ರೌಪದಿ ಮುರ್ಮು 1979ರಿಂದ 83ರ ತನಕ ಒಡಿಶಾದ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಎಸ್‌ಡಿಎ. ಆಗ ಸಿನ್ಹಾ ದಿಲ್ಲಿಯಲ್ಲಿ ಜಂಟಿ ಕಾರ್ಯದರ್ಶಿ. ಆಕೆ ಕೆಲಸ ಬಿಟ್ಟರು, ಮೇಷ್ಟರಾದರು, 1997ರಲ್ಲಿ ರಾಯರಂಗಪುರದ ಕೌನ್ಸಿಲರ್, 2000 ಮತ್ತು 2004ರಲ್ಲಿ ಶಾಸಕಿ, ರಾಜ್ಯದಲ್ಲಿ ಮಂತ್ರಿ, 2015ರಿಂದ ಆರು ವರ್ಷ ಝಾರ್ಖಂಡ್ ರಾಜ್ಯಪಾಲೆ. ರಾಜಭವನ ಇರೋದು ರಾಂಚಿಯಲ್ಲಿ, ಸಿನ್ಹಾ ಶಾಸಕರಾಗಿದ್ದ ಊರು. ಆಕೆ ಸಂತಾಲ್ ಸಮುದಾಯದವರು. ಇವರು ಹಿಂದೆ ಡಿಸಿಯಾಗಿ ಆಳಿದ್ದು ಸಂತಾಲ್ ಪರಗಣಾ. ಝಾರ್ಖಂಡ್ ಮುಕ್ತಿ ಮೋರ್ಚಾ ಕೂಡ ಆಕೆಗೇ ಮತ ಹಾಕಿತು.

ಪಕ್ಷ ಬಿಡಿ, ಅದು ಬೇರೆ ಲೆಕ್ಕ. ಫಲಿತಾಂಶದ ದಿನ ನಮ್ಮ ನಿವೃತ್ತ ನೌಕರರ ಕಟ್ಟೆಯಲ್ಲಿ ಮೈಸೂರುಪಾಕು ಹಂಚಿದ್ದು ನಾನೇ. ಜಾಯಿಂಟ್ ಸೆಕ್ರೆಟರಿ ಎದುರು ಗುಮಾಸ್ತೆ ಗೆದ್ದದ್ದು ಮತ್ತೆ ಯಾವಾಗ ನೋಡ್ತೀವೋ?

ಕುಡ್ಲದ_ಗಲ್ಫಣ್ಣ:
ಹಹ್ಹ, ಗುಮಾಸ್ತ್ರೆ, ನೀವು ಇಷ್ಟೊತ್ತು ಕಾದದ್ದು ಇದನ್ನು ಹೇಳ್ಲಿಕ್ಕೇ ಅಲ್ವಾ?

ಮಲೆನಾಡು_ಮಳೆ:
ಈ ಚರ್ಚೆಯ ಲಿಂಕ್ ಅಣ್ಣನಿಗೆ ಕಳಿಸಿದ್ದೆ. ಎರಡು ನೀಲಿ ಟಿಕ್ ಬಂತು, ಉತ್ತರ ಇಲ್ಲ. ರಾತ್ರಿ ಹನ್ನೊಂದೂವರೆಗೆ ಒಂದೇ ಸಾಲು: "ಒಂದು ಸಲ ಕೊಟ್ಟ ನೋಟಿಸು ವಾಪಸ್ ತಗೋಬಹುದಾ ಅಂತ ಆ ಗುಮಾಸ್ತರನ್ನ ಕೇಳು."

ಹಳೇ_ಗುಮಾಸ್ತ:
ಕೊಟ್ಟಾಯ್ತಾ ಆಗಲೇ?! ಜಾರಿಗೆ ಬರೋ ದಿನಕ್ಕಿಂತ ಮುಂಚೆ, ಮೇಲಿನವರು ಒಪ್ಪಿದರೆ ತಗೋಬಹುದು. ಬಾಯಿಮಾತಲ್ಲಿ ಅಲ್ಲ, ಬರವಣಿಗೆಯಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಲಿ.

ಬಸವನಗುಡಿ_ಬಾಯ್:
ಇದಕ್ಕೇನಂತಾರೆ ಅಂತ ನಾನು ಮೊದಲನೇ ಕಾಮೆಂಟಲ್ಲೇ ಹೇಳಿದ್ದೆ.